ಮಾಲೂರು–ಕಂಟೋನ್ಮೆಂಟ್ ದಿನಾ ಓಡಾಡುವವರಿಗೆ: ವೈಟ್‌ಫೀಲ್ಡ್‌ನಲ್ಲಿ ಇಳಿದು ಮೆಟ್ರೊ ಹಿಡಿದರೆ ಲಾಭ ಇದೆಯಾ?

ಕೊನೇ ಬೋಗಿ:

ನಮಸ್ಕಾರ ಎಲ್ಲರಿಗೂ. ನಾನು ಮಾಲೂರಿನವಳು. ಕ್ವೀನ್ಸ್ ರಸ್ತೆಯ ಒಂದು ಆಡಿಟರ್ ಆಫೀಸಿನಲ್ಲಿ ಲೆಕ್ಕ ಬರೆಯುವ ಕೆಲಸ. ಬೆಳಿಗ್ಗೆ ಮೆಮು (ಹತ್ತಿರದ ಊರುಗಳಿಗೆ ಓಡುವ ವಿದ್ಯುತ್ ಪ್ಯಾಸೆಂಜರ್ ರೈಲು) ಹತ್ತಿ ಕಂಟೋನ್ಮೆಂಟ್‌ನಲ್ಲಿ ಇಳಿಯುತ್ತೇನೆ, ಅಲ್ಲಿಂದ ನಡಿಗೆ. ಒಂಬತ್ತೂವರೆಗೆ ಮೆಷಿನ್ ಮೇಲೆ ಬೆರಳಿಡಬೇಕು. ಹತ್ತು ನಿಮಿಷ ಮಾಫಿ. ತಿಂಗಳಿಗೆ ಮೂರು ಸಲ ಅದನ್ನೂ ದಾಟಿದರೆ ಅರ್ಧ ದಿನದ ರಜೆ ಹೋಯಿತು. ನಮ್ಮ ಸಾಹೇಬರು ಕೆಟ್ಟವರಲ್ಲ, ಆದರೆ ಲೆಕ್ಕದ ಆಫೀಸು ಅಲ್ವಾ, ನಿಮಿಷಕ್ಕೂ ಲೆಕ್ಕ.

ಮಾಲೂರಿಗೆ ಗಾಡಿ ತಡವಾಗಿ ಬಂದರೆ ನನಗೆ ಅಷ್ಟು ಬೇಜಾರಿಲ್ಲ. ಫೋನ್‌ನಲ್ಲಿ ನೋಡಿಕೊಂಡು ಮನೆಯಿಂದ ನಿಧಾನಕ್ಕೆ ಹೊರಡುತ್ತೇನೆ, ಅಮ್ಮನ ಜೊತೆ ಇನ್ನೊಂದು ಲೋಟ ಕಾಫಿ ಆಗುತ್ತದೆ. ಸಿಟ್ಟು ಬರುವುದು ಊರೊಳಗೆ ಬಂದ ಮೇಲೆ. ವೈಟ್‌ಫೀಲ್ಡ್‌ವರೆಗೆ ಸರಿಯಾಗಿಯೇ ಬಂದಿರುತ್ತದೆ. ಹೂಡಿ ದಾಟುತ್ತದೆ, ಕೆ.ಆರ್. ಪುರ ದಾಟುತ್ತದೆ, ಬೆನ್ನಿಗಾನಹಳ್ಳಿ ಹತ್ತಿರ ಬಂದು ನಿಂತುಬಿಡುತ್ತದೆ. ಯಾಕೆ, ಎಷ್ಟು ಹೊತ್ತು, ಯಾರೂ ಹೇಳುವುದಿಲ್ಲ. ಅಲ್ಲಿ ನಮ್ಮ ಹಳಿಯ ಮೇಲೆಯೇ ಮೆಟ್ರೊ ಸೇತುವೆ ದಾಟಿ ಹೋಗುತ್ತದೆ. ನಾವು ಕೆಳಗೆ ಬೆವರುತ್ತಾ ಕೂತಿರುತ್ತೇವೆ. ತಲೆ ಮೇಲೆ ಒಂದು ಮೆಟ್ರೊ ಹೋಯಿತು, ಇನ್ನೊಂದು ಬಂತು, ಮತ್ತೊಂದು ಹೋಯಿತು. ಬಾಗಿಲಲ್ಲಿ ನಿಂತ ಹುಡುಗರು ಎಣಿಸುತ್ತಾರೆ.

ಸಂಜೆಯದು ಬೇರೆ ಕತೆ. ಮೆಜೆಸ್ಟಿಕ್‌ನಿಂದ ಹೊರಡಬೇಕಾದ ಗಾಡಿ ಹೊರಟೇ ಇರುವುದಿಲ್ಲ. ಕಂಟೋನ್ಮೆಂಟ್ ಪ್ಲಾಟ್‌ಫಾರ್ಮಿನಲ್ಲಿ ಮದ್ರಾಸ್ ಕಡೆಯ ಗಾಡಿಗಳೆಲ್ಲ ಹೋದ ಮೇಲೆ ನಮ್ಮದು. ಅದನ್ನೂ ದೇವನಗೊಂತಿಯಲ್ಲಿ ಲೂಪ್‌ಗೆ, ಅಂದರೆ ಕಾಯುವ ಪಕ್ಕದ ಹಳಿಗೆ, ಹಾಕಿದರೆ ಮುಗಿಯಿತು, ಮನೆಗೆ ಹೋಗಿ ತಟ್ಟೆ ಹಾಕಿಕೊಳ್ಳುವಾಗ ಸಾರು ಎರಡನೇ ಸಲ ಬಿಸಿ ಮಾಡಬೇಕು.

ಬೆಂಗಳೂರಲ್ಲಿ ರೂಮ್ ಮಾಡು ಅಂತ ಹೇಳಬೇಡಿ. ಪಿಜಿಗೆ ಕೊಡುವ ದುಡ್ಡು ಉಳಿಯಲಿ ಅಂತಲೇ ಈ ಓಡಾಟ, ಅಪ್ಪನ ಔಷಧಿಯ ಖರ್ಚೂ ಇದೆ.

ಈಗ ಪ್ರಶ್ನೆ. ವೈಟ್‌ಫೀಲ್ಡ್‌ನಲ್ಲೇ ಇಳಿದು ನೇರಳೆ ಮೆಟ್ರೊದಲ್ಲಿ ಕಬ್ಬನ್ ಪಾರ್ಕ್‌ಗೆ ಹೋದರೆ ಹೇಗೆ? ಅಲ್ಲಿಂದಲೂ ಆಫೀಸಿಗೆ ನಡೆದೇ ಹೋಗಬಹುದು. ಆದರೆ 2025ರ ಫೆಬ್ರುವರಿಯಲ್ಲಿ ಮೆಟ್ರೊ ದರ ಏರಿತಲ್ಲ, ಜಾಸ್ತಿ ಅಂದರೆ 60 ರೂಪಾಯಿ ಇದ್ದದ್ದು 90 ಆಯಿತು. ನನ್ನ ತಿಂಗಳ ರೈಲು ಪಾಸಿನ ದುಡ್ಡು ಮೆಟ್ರೊದಲ್ಲಿ ಒಂದು ವಾರಕ್ಕೂ ಸಾಲುವುದಿಲ್ಲ. ಯಾರಾದರೂ ಹೀಗೆ ಮಾಡುತ್ತಿದ್ದೀರಾ? ನಿಜವಾಗಲೂ ಟೈಮ್ ಉಳಿಯುತ್ತದಾ, ಇಲ್ಲ ಸುಮ್ನೆ ಸಮಾಧಾನಕ್ಕಾ?

ಊರಿಗಾಂ ಮಾಮ:

ತಾಯಿ, ನಿಮ್ಮದು ಮಾಲೂರು. ನಾವು ಕೆಜಿಎಫ್ ಕಡೆಯ ಮಾರಿಕುಪ್ಪಂನಿಂದ ಹೊರಡುವ ಗಾಡಿಯವರು. ನೀವು ಹತ್ತುವಾಗ ನಮಗೆ ಒಂದು ನಿದ್ದೆ ಮುಗಿದಿರುತ್ತದೆ.

2001ರ ಫೆಬ್ರುವರಿ ಕೊನೆಗೆ ಕೆಜಿಎಫ್‌ನಲ್ಲಿ ಚಿನ್ನದ ಗಣಿ ಮುಚ್ಚಿತು. ಆಮೇಲೆ ಊರಲ್ಲಿ ಉಳಿದಿದ್ದು ಮನೆ ಮತ್ತು ರೈಲು. ನಮ್ಮಪ್ಪ ಗಣಿಗೆ ಇಳಿಯುತ್ತಿದ್ದರು, ನಾನು ಬೆಂಗಳೂರಿನಲ್ಲಿ ಇಳಿಯುತ್ತೇನೆ. ಬೆಳಕು ಹರಿಯುವ ಮೊದಲೇ ಊರಿಗಾಂ, ಕೋರಮಂಡಲ್, ಬಂಗಾರಪೇಟೆ ಜನ ಗಾಡಿಯಲ್ಲಿ ಇರುತ್ತಾರೆ. ಸೆಕ್ಯೂರಿಟಿ, ಹೌಸ್‌ಕೀಪಿಂಗ್, ಟೈಲರಿಂಗ್, ನರ್ಸುಗಳು, ಇಂಜಿನಿಯರ್ ಹುಡುಗರು, ಎಲ್ಲ ಇದ್ದಾರೆ. ಗಾಡಿ ಲೇಟಾದರೆ ಒಂದು ಊರಿನ ಹಾಜರಿಯೇ ಲೇಟು.

ವೈಟ್‌ಫೀಲ್ಡ್‌ನಲ್ಲಿ ಇಳಿಯುವ ಉಪಾಯ ನಾನು ಮಾಡುತ್ತೇನೆ, ಆದರೆ ದಿನಾ ಅಲ್ಲ. ಸ್ಟೇಷನ್ ಎದುರಿಗೇ ವೈಟ್‌ಫೀಲ್ಡ್ (ಕಾಡುಗೋಡಿ) ಮೆಟ್ರೊ ಸ್ಟೇಷನ್ ಇದೆ. ಕಬ್ಬನ್ ಪಾರ್ಕ್‌ಗೆ ಸುಮಾರು ಮುಕ್ಕಾಲು ಗಂಟೆ ಇಟ್ಟುಕೊಳ್ಳಿ. ಅಂದರೆ ರೈಲು ಸರಿಯಾಗಿ ಹೋದ ದಿನ ಮೆಟ್ರೊನೇ ಹಿಂದೆ. ರೈಲು ನಿಂತ ದಿನ ಮಾತ್ರ ನೀವು ಗೆದ್ದಿರಿ. ಒಂದು ಅನುಕೂಲ ಏನಂದರೆ, ಬೆಳಿಗ್ಗೆ ಐಟಿ ಜನ ಊರಿಂದ ವೈಟ್‌ಫೀಲ್ಡ್ ಕಡೆ ಬರುತ್ತಾರೆ, ನೀವು ಎದುರು ದಿಕ್ಕಿಗೆ. ಮೆಟ್ರೊ ಅಲ್ಲಿಂದಲೇ ಹೊರಡುವುದರಿಂದ ಸೀಟೂ ಸಿಗುತ್ತದೆ. ಕೆ.ಆರ್. ಪುರದಲ್ಲಿ ಬದಲಾಯಿಸುತ್ತೇನೆ ಅಂದರೆ ಆ ಸುಖ ಇಲ್ಲ.

ಪಾಸು ಮಾತ್ರ ವೈಟ್‌ಫೀಲ್ಡ್‌ವರೆಗೆ ಅಂತ ಕಡಿಮೆ ಮಾಡಿಸಬೇಡಿ. ಕಂಟೋನ್ಮೆಂಟ್‌ವರೆಗೇ ಇರಲಿ, ನಡುವೆ ಎಲ್ಲಿ ಬೇಕಾದರೂ ಇಳಿಯಬಹುದು. ಮೂರು ತಿಂಗಳದ್ದು ತೆಗೆದರೆ ಸ್ವಲ್ಪ ಉಳಿಯುತ್ತದೆ. ಗಾಡಿ ಲೇಟು ಅಂತ ಸಿಟ್ಟಿನಲ್ಲಿ ಸೂಪರ್‌ಫಾಸ್ಟ್ ಹತ್ತಬೇಡಿ. ಅದಕ್ಕೆ ಬೇರೆ ದುಡ್ಡು ಕಟ್ಟಿ ಪಾಸಿಗೆ ಸೇರಿಸಿಕೊಂಡಿರಬೇಕು, ರಿಸರ್ವೇಷನ್ ಬೋಗಿಗಂತೂ ಕಾಲಿಡಬಾರದು. ಟೀಸಿ ಹಿಡಿದರೆ ನಿಮ್ಮ ಅರ್ಧ ದಿನದ ಸಂಬಳ ಅಲ್ಲೇ ಹೋಗುತ್ತದೆ.

ಹಸಿರು ಬಾವುಟ:

ನಾನು ನಿವೃತ್ತ ಸ್ಟೇಷನ್ ಮಾಸ್ಟರ್, ಬೇರೆ ಕಡೆ ಕೆಲಸ ಮಾಡಿದವನು. ಬೆನ್ನಿಗಾನಹಳ್ಳಿಯಲ್ಲಿ ಯಾಕೆ ನಿಲ್ಲುತ್ತದೆ ಅಂತ ಯಾರೂ ಹೇಳುವುದಿಲ್ಲ ಅಂದಿರಿ. ನಾನು ಹೇಳುತ್ತೇನೆ.

ಕಂಟೋನ್ಮೆಂಟ್–ವೈಟ್‌ಫೀಲ್ಡ್ ನಡುವೆ ಇಷ್ಟು ವರ್ಷ ಎಲ್ಲ ಭಾರ ಹೊತ್ತಿದ್ದು ಎರಡೇ ಹಳಿ. ವಂದೇ ಭಾರತ್, ಶತಾಬ್ದಿ, ಕೇರಳದ ಗಾಡಿಗಳು, ವೈಟ್‌ಫೀಲ್ಡ್ ಕಂಟೇನರ್ ಡಿಪೊದ ಗೂಡ್ಸ್, ದೇವನಗೊಂತಿಯ ಎಣ್ಣೆ ಟ್ಯಾಂಕರ್, ಜೊತೆಗೆ ನಿಮ್ಮ ಮೆಮು. ಬೈಯಪ್ಪನಹಳ್ಳಿಯಲ್ಲಿ ಸೇಲಂ ಸಾಲು ಬೇರೆಯಾಗುತ್ತದೆ. 2022ರ ಜೂನ್‌ನಲ್ಲಿ ಅಲ್ಲೇ ವಿಶ್ವೇಶ್ವರಯ್ಯ ಟರ್ಮಿನಲ್ ಶುರುವಾಯಿತು, ಅದರ ಗಾಡಿಗಳೂ ಸೇರಿಕೊಂಡವು. ಒಂದು ಗಾಡಿ ಒಂದು ಸಾಲಿನಿಂದ ಇನ್ನೊಂದಕ್ಕೆ ಅಡ್ಡ ದಾಟುವಾಗ ಉಳಿದವು ಕೆಂಪು ಸಿಗ್ನಲ್ ನೋಡುತ್ತಾ ನಿಲ್ಲಬೇಕು. ಮೆಜೆಸ್ಟಿಕ್‌ನಲ್ಲಿ ಪ್ಲಾಟ್‌ಫಾರ್ಮ್ ಖಾಲಿ ಇಲ್ಲದಿದ್ದರೆ ಹಿಂದಿನ ಗಾಡಿ ಔಟರ್‌ನಲ್ಲಿ (ಸ್ಟೇಷನ್ ಹೊರಗಿನ ಸಿಗ್ನಲ್ ಹತ್ತಿರ), ಅದರ ಹಿಂದಿನದು ಕಂಟೋನ್ಮೆಂಟ್‌ನಲ್ಲಿ, ಅದಕ್ಕೂ ಹಿಂದೆ ನೀವು. ನಾಲ್ಕು ಹಳಿ ಮಾಡುವ ಕೆಲಸ ಕೈಗೆತ್ತಿಕೊಂಡಿದ್ದಾರೆ. ಆದರೆ ಕೆಲಸ ನಡೆಯುವ ಜಾಗದಲ್ಲಿ ಕಾಷನ್ ಆರ್ಡರ್ ಇರುತ್ತದೆ, ಡ್ರೈವರ್ ನಿಧಾನಕ್ಕೇ ಹೋಗಬೇಕು. ಪರಿಹಾರದ ಕೆಲಸವೇ ಸದ್ಯಕ್ಕೆ ತಡ ಮಾಡಿಸುತ್ತದೆ.

ಲೂಪ್ ವಿಷಯ. ಹಿಂದೆ ಎಕ್ಸ್‌ಪ್ರೆಸ್ ಬರುತ್ತಿದೆ ಅಂದರೆ ಕಂಟ್ರೋಲ್‌ನವರು ಪ್ಯಾಸೆಂಜರನ್ನು ಪಕ್ಕಕ್ಕೆ ಹಾಕುತ್ತಾರೆ. ಎಕ್ಸ್‌ಪ್ರೆಸ್ ತಡವಾದರೆ ಮೇಲಿನವರು ಕೇಳುತ್ತಾರೆ, ನಿಮ್ಮ ಗಾಡಿ ತಡವಾದರೆ ಅಷ್ಟು ಜೋರಾಗಿ ಕೇಳುವವರು ಕಡಿಮೆ. ಎಕ್ಸ್‌ಪ್ರೆಸ್ ದಾಟುವುದು ಒಂದು ನಿಮಿಷದ ಕೆಲಸ ಅನ್ನಿಸುತ್ತದೆ. ಆದರೆ ನೀವು ನಿಧಾನ ಮಾಡಿ ಲೂಪ್ ಹೊಕ್ಕು, ಕಾದು, ಅದು ಮುಂದೆ ಸಾಕಷ್ಟು ದೂರ ಹೋದ ಮೇಲೆ ಸಿಗ್ನಲ್ ಸಿಕ್ಕಿ, ಪಾಯಿಂಟ್ಸ್ (ಹಳಿ ಬದಲಾಗುವ ಜಾಗ) ಮೇಲೆ ಮತ್ತೆ ನಿಧಾನಕ್ಕೆ ಹೊರಬರುವಷ್ಟರಲ್ಲಿ ಕಾಲು ಗಂಟೆ ಸಲೀಸಾಗಿ ಹೋಗುತ್ತದೆ. ಅಷ್ಟರಲ್ಲಿ ನಿಮ್ಮ ಪಾತ್, ಅಂದರೆ ಬೇರೆ ಗಾಡಿಗಳ ನಡುವೆ ನಿಮಗಿಟ್ಟ ಹೊತ್ತು, ತಪ್ಪಿತು. ಮುಂದಿನ ಎಕ್ಸ್‌ಪ್ರೆಸ್ ಹಿಂದೆ ಬಂದು ನಿಂತಿರುತ್ತದೆ. ಹತ್ತು ನಿಮಿಷದ ತಡ ನಲವತ್ತು ಆಗುವುದು ಹೀಗೆ.

ಇನ್ನೊಂದು ವಿಷಯ ಜನಕ್ಕೆ ಗೊತ್ತಿಲ್ಲ. ಟೈಮ್‌ಟೇಬಲ್‌ನಲ್ಲಿ ಕೊನೆಯ ಸ್ಟೇಷನ್‌ಗೆ ಮುಂಚೆ ಕೆಲವು ನಿಮಿಷ ಹೆಚ್ಚಿಗೆ ಇಟ್ಟಿರುತ್ತಾರೆ. ದಾರಿಯಲ್ಲಿ ತಡವಾದರೂ ಕೊನೆಗೆ ಸರಿಹೋಗಲಿ ಅಂತ. ಸಂಜೆ ಗಾಡಿ ಬಂಗಾರಪೇಟೆ ಕಡೆಗೆ ಹೋದರೆ ಆ ನಿಮಿಷಗಳು ಆ ತುದಿಯಲ್ಲಿ ಇರುತ್ತವೆ. ಮಾಲೂರಿನಲ್ಲಿ ಇಳಿಯುವ ನಿಮಗೆ ಇಪ್ಪತ್ತು ನಿಮಿಷ ತಡ, ರೈಲ್ವೆಯ ಪುಸ್ತಕದಲ್ಲಿ ಐದೇ ನಿಮಿಷ. ಆಪ್ ನೋಡುವಾಗ ಗಾಡಿಯ ಒಟ್ಟು ಲೆಕ್ಕ ನೋಡಬೇಡಿ, ನಿಮ್ಮ ಸ್ಟೇಷನ್‌ನ ಸಾಲು ನೋಡಿ.

ಬೊಮ್ಮಸಂದ್ರ ಶಿಫ್ಟ್:

ಮೆಟ್ರೊ ಅಂದರೆ ಸ್ವರ್ಗ ಅಂದುಕೊಳ್ಳಬೇಡಿ ಅಕ್ಕಾ. ನಾನು ಹಳದಿ ಸಾಲಿನವನು. ಹಳಿ, ಸ್ಟೇಷನ್ ಎಲ್ಲ ರೆಡಿ ಇದ್ದರೂ ಓಡಿಸಲು ರೈಲಿಲ್ಲ ಅಂತ ಕಾಯಿಸಿದ ಸಾಲು ಇದು. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ 19 ಕಿಲೋಮೀಟರ್, 16 ಸ್ಟೇಷನ್. 2025ರ ಆಗಸ್ಟ್‌ನಲ್ಲಿ ಶುರುವಾದಾಗ ಇದ್ದದ್ದು ಮೂರು ರೈಲು, 25 ನಿಮಿಷಕ್ಕೊಂದು. ಮೆಟ್ಟಿಲು ಹತ್ತುವಾಗ ಬಾಗಿಲು ಮುಚ್ಚಿದರೆ ಶಿಫ್ಟ್ ಬಸ್ಸೇ ವಾಸಿ ಅನ್ನಿಸುತ್ತಿತ್ತು. ಆಮೇಲೆ ಒಂದೊಂದೇ ರೈಲು ಸೇರಿ ಕಾಯುವುದು ಕಡಿಮೆ ಆಯಿತು. ಆದರೂ ಸಿಲ್ಕ್ ಬೋರ್ಡ್ ಜಾಮ್‌ನಲ್ಲಿ ಕೂತವನಿಗೆ ಇದು ಸಾವಿರ ಪಾಲು ಮೇಲು, ಸುಳ್ಳು ಹೇಳಲ್ಲ.

ನೇರಳೆ ಸಾಲಿನಲ್ಲಿ ಸಂಜೆ ಒಂದು ಎಚ್ಚರಿಕೆ. ಜನ ಜಾಸ್ತಿ ಇರುವ ಹೊತ್ತಿನಲ್ಲಿ ಕೆಲವು ರೈಲು ವೈಟ್‌ಫೀಲ್ಡ್‌ವರೆಗೆ ಹೋಗದೆ ಗರುಡಾಚಾರ್‌ಪಾಳ್ಯದಂಥ ನಡುವಿನ ಸ್ಟೇಷನ್‌ನಲ್ಲೇ ತಿರುಗುತ್ತವೆ. ಬೋರ್ಡ್ ನೋಡದೆ ಹತ್ತಿದರೆ ಅಲ್ಲಿ ಇಳಿಸುತ್ತಾರೆ, ನಿಮ್ಮ ಮೆಮು ವೈಟ್‌ಫೀಲ್ಡ್ ದಾಟಿರುತ್ತದೆ. ದಿನಾ ಹೋಗುವುದಾದರೆ ಕಾರ್ಡ್ ಮಾಡಿಸಿ, ಟಿಕೆಟ್‌ನಲ್ಲಿ ಸ್ವಲ್ಪ ರಿಯಾಯಿತಿ ಇದೆ.

ಕೊನೇ ಬೋಗಿ:

ಎಲ್ಲರಿಗೂ ಥ್ಯಾಂಕ್ಸ್. ಸರ್, ಆ ಹೆಚ್ಚುವರಿ ನಿಮಿಷದ ಲೆಕ್ಕ ಓದಿ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಬೆಳಿಗ್ಗೆಯೂ ಅದೇ ಕತೆ ಅಲ್ವಾ? ಉಳಿಸುವ ನಿಮಿಷ ಕಂಟೋನ್ಮೆಂಟ್ ದಾಟಿದ ಮೇಲೆ, ನಾನು ಇಳಿಯುವುದು ಅದಕ್ಕೆ ಮೊದಲು. ನಮ್ಮ ಆಫೀಸಿನಲ್ಲಿ ಯಾರಾದರೂ ಹೀಗೆ ಖಾತೆ ಹೊಂದಿಸಿದರೆ ಸಾಹೇಬರು ಕೆಂಪು ಇಂಕಿನಲ್ಲಿ ಗೀಚುತ್ತಾರೆ.

ನನಗೆ ವೇಗದ ಗಾಡಿ ಬೇಕಾಗಿಲ್ಲ. ಒಂದು ಗಂಟೆ ಅಂದರೆ ಒಂದು ಗಂಟೆಯೇ ಆಗಲಿ, ಅಷ್ಟೇ. ಹಾಗಾಗಿ ಈ ಲೆಕ್ಕಕ್ಕೆ ಬಂದಿದ್ದೇನೆ. ತಿಂಗಳಲ್ಲಿ ಎರಡು ಲೇಟ್ ಆಗುವವರೆಗೆ ಮೆಮು. ಎರಡಾದ ಮೇಲೆ ತಿಂಗಳ ಕೊನೆವರೆಗೂ ಬೆಳಿಗ್ಗೆ ವೈಟ್‌ಫೀಲ್ಡ್‌ನಲ್ಲಿ ಇಳಿದು ಮೆಟ್ರೊ. ಅರ್ಧ ದಿನದ ಸಂಬಳಕ್ಕಿಂತ ಆ ಕೆಲವು ದಿನದ ಟಿಕೆಟ್ ಕಡಿಮೆಯೇ. ಸಂಜೆ ಆಫೀಸಿಂದ ಹೊರಡುವಾಗ ಫೋನ್ ನೋಡುತ್ತೇನೆ. ಗಾಡಿ ಮೆಜೆಸ್ಟಿಕ್ ಬಿಟ್ಟಿದ್ದರೆ ಕಂಟೋನ್ಮೆಂಟ್‌ಗೆ, ಬಿಡುವುದು ತುಂಬಾ ತಡ ಅಂದರೆ ಮೆಟ್ರೊಗೆ ಕಬ್ಬನ್ ಪಾರ್ಕ್‌ಗೆ. ವೈಟ್‌ಫೀಲ್ಡ್‌ನಲ್ಲಿ ಅದೇ ಗಾಡಿ ಹಿಡಿಯಬಹುದು.

ಇನ್ನೊಂದು. ಉಪನಗರ ರೈಲು ಬಂದರೆ ಎಲ್ಲ ಸರಿಹೋಗುತ್ತದೆ ಅಂತ ನಮ್ಮ ಆಫೀಸಿನಲ್ಲಿ ಹೇಳುತ್ತಾರೆ. ನಮಗೂ ಸಿಗುತ್ತದಾ?

ಹಸಿರು ಬಾವುಟ:

ನಿಮಗೆ ಅರ್ಧ ಸಿಗುತ್ತದೆ, ಅದೂ ಬಂದಾಗ. 1983ರಿಂದ ಮಾತಿನಲ್ಲಿ ಇದ್ದ ಯೋಜನೆ ಅದು. 2020ರಲ್ಲಿ ಒಪ್ಪಿಗೆ ಸಿಕ್ಕಿತು, 148 ಕಿಲೋಮೀಟರ್, ನಾಲ್ಕು ಸಾಲು. 2022ರ ಜೂನ್‌ನಲ್ಲಿ ಅಡಿಗಲ್ಲು ಹಾಕಿದಾಗ 40 ತಿಂಗಳ ಮಾತು ಬಂದಿತ್ತು. ಆ ಗಡುವು ದಾಟಿ ಆಯಿತು. ಕೆಲಸ ಮೊದಲು ಶುರುವಾಗಿದ್ದು ಮಲ್ಲಿಗೆ ಸಾಲಿನಲ್ಲಿ, ಆಮೇಲೆ ಕನಕ ಸಾಲಿನಲ್ಲಿ. ನಿಮ್ಮ ಕಡೆಯದು ಪಾರಿಜಾತ, ಕೆಂಗೇರಿಯಿಂದ ವೈಟ್‌ಫೀಲ್ಡ್. ಅದು ವೈಟ್‌ಫೀಲ್ಡ್‌ನಲ್ಲೇ ಮುಗಿಯುತ್ತದೆ. ಅಲ್ಲಿಂದ ಮಾಲೂರಿಗೆ ಇದೇ ಮೆಮು.

ಊರಿಗಾಂ ಮಾಮ:

ಅಂದರೆ ನಮ್ಮ ಮೊಮ್ಮಕ್ಕಳೂ ಲೂಪ್‌ನಲ್ಲೇ.

ಕೊನೇ ಬೋಗಿ:

ಹಾಗಾದರೆ ದೂರು ಕೊಡುವುದಾದರೆ ಏನಂತ ಕೊಡಬೇಕು ಸರ್? ರೈಲ್ವೆಯ ದೂರಿನ ಆಪ್ ರೈಲ್‌ಮದದ್‌ನಲ್ಲಿ ಬರೆದರೆ ಪ್ರಯೋಜನ ಇದೆಯಾ?

ಹಸಿರು ಬಾವುಟ:

ರೈಲ್‌ಮದದ್ ಅಥವಾ ರೈಲ್ವೆ ಸಹಾಯವಾಣಿ 139, ಎರಡೂ ಸರಿ. ಆದರೆ ದಿನಾ ಲೇಟು ಅಂತ ಬರೆಯಬೇಡಿ, ಅದಕ್ಕೆ ವಿಷಾದಿಸುತ್ತೇವೆ ಅಂತ ಉತ್ತರ ಬರುತ್ತದೆ. ಗಾಡಿ ನಂಬರ್, ತಾರೀಖು, ಮಾಲೂರಿಗೆ ಬರಬೇಕಾದ ಹೊತ್ತು, ಬಂದ ಹೊತ್ತು, ಎಲ್ಲಿ ನಿಂತಿತು, ಯಾವ ಗಾಡಿ ಮುಂದೆ ಹೋಯಿತು. ನೀವು ಲೆಕ್ಕ ಬರೆಯುವವರು, ಇದು ನಿಮಗೆ ಕಷ್ಟವಲ್ಲ. ಒಂದು ತಿಂಗಳದ್ದು ಪಟ್ಟಿ ಮಾಡಿ, ಪಾಸಿನವರೆಲ್ಲ ಸಹಿ ಹಾಕಿ ಡಿವಿಷನ್ ಕಚೇರಿಗೆ ಕೊಡಿ. ಪ್ರತಿ ಡಿವಿಷನ್‌ಗೂ ಪ್ರಯಾಣಿಕರ ಸಲಹಾ ಸಮಿತಿ ಇರುತ್ತದೆ, ಅದರ ಸದಸ್ಯರಿಗೂ ಒಂದು ಪ್ರತಿ. ಕೇಳುವುದು ಒಂದೇ ಇರಲಿ: ಸಂಜೆಯ ಗಾಡಿಯನ್ನು ಹತ್ತು ನಿಮಿಷ ಹಿಂದೆಮುಂದೆ ಮಾಡಿ ಎಕ್ಸ್‌ಪ್ರೆಸ್‌ಗಳ ನಡುವೆ ಖಾಲಿ ಪಾತ್ ಕೊಡಿ ಅಂತ. ಹೊಸ ಹಳಿ ಕೇಳಿದರೆ ಕಡತ ಡೆಲ್ಲಿಗೆ ಹೋಗುತ್ತದೆ. ಟೈಮ್ ಬದಲಾವಣೆಯ ಮಾತಾದರೆ ಇಲ್ಲಿಯವರ ಜೊತೆಗೇ ಕೂತು ಆಡಬಹುದು.

ಊರಿಗಾಂ ಮಾಮ:

ಪಟ್ಟಿ ಮಾಡಿ ತಾಯಿ. ಬಂಗಾರಪೇಟೆಯಿಂದ ಈಚೆ ಸಹಿ ಹಾಕಿಸುವ ಜವಾಬ್ದಾರಿ ನಂದು. ಗಾಡಿ ನಿಂತಾಗ ಹಾಕಿಸುತ್ತೇನೆ, ಎಲ್ಲರಿಗೂ ಬಿಡುವು ಇರುತ್ತದೆ.