ಆಸ್ಪ್ರೆ ಬಗ್ಗೆ ನನ್ನ ತಂಗಿಗೆ ಏನು ಹೇಳಲಿ?

ಸೋಮವಾರಪೇಟೆ ಸುಬೇದಾರ್:

ಎಲ್ಲರಿಗೂ ನಮಸ್ಕಾರ. ನಾನು ಇನ್‌ಫೆಂಟ್ರಿಯವನು, 28 ವರ್ಷ ಸರ್ವಿಸ್. ಹೆಲಿಕಾಪ್ಟರ್ ಬಗ್ಗೆ ನನಗೆ ಗೊತ್ತಿರುವುದು ಹಿಂದೆ ಕೂತು ಕಂಡಷ್ಟು ಮಾತ್ರ. ಅದೂ ಆಟಾ ಮೂಟೆಯ ಮೇಲೆ ಕೂತು ಹೋದದ್ದೇ ಜಾಸ್ತಿ. ಒಂದೇ ಒಂದು ಸಲ ಮಲಗಿಕೊಂಡು ಹೋಗಿದ್ದೇನೆ. ಗ್ಲೇಸಿಯರ್ ಮೇಲೆ ಎದೆಯಲ್ಲಿ ನೀರು ತುಂಬಿಕೊಂಡಾಗ ಚೀತಾ ಹೆಲಿಕಾಪ್ಟರ್ ಬಂದು ಎತ್ತಿಕೊಂಡು ಹೋಯಿತು. ಫ್ಯಾನ್ ನಿಲ್ಲಿಸಲೇ ಇಲ್ಲ. ಹುಡುಗರು ನನ್ನನ್ನು ಒಳಗೆ ತುರುಕಿ ಬಾಗಿಲು ಹಾಕಿ ಕೈ ತೆಗೆಯುವಷ್ಟರಲ್ಲಿ ನೆಲ ಬಿಟ್ಟಿತ್ತು. ಆವತ್ತಿನಿಂದ ಹೆಲಿಕಾಪ್ಟರ್ ಅಂದರೆ ನನಗೆ ನಮ್ಮ ಇಗ್ಗುತಪ್ಪ ದೇವರ ಸಮ.

ಈಗ ವಿಷಯ. ನನ್ನ ತಂಗಿಯ ಮೊಮ್ಮಗ ಅಮೆರಿಕದಲ್ಲೇ ಹುಟ್ಟಿದವನು. ಅಲ್ಲಿನ ಮರೀನ್ಸ್ ಅನ್ನುವ ಸೇನೆ ಸೇರಿದ್ದಾನೆ. ನಾರ್ತ್ ಕ್ಯಾರೊಲಿನಾದಲ್ಲಿ ಆಸ್ಪ್ರೆ ಅಂತ, ಹೆಲಿಕಾಪ್ಟರ್ ಹಾಗೆ ಎದ್ದು ವಿಮಾನದ ಹಾಗೆ ಓಡುವಂಥದ್ದು, ಅದರ ಸ್ಕ್ವಾಡ್ರನ್‌ಗೆ ಹಾಕಿದ್ದಾರಂತೆ. ರಿಪೇರಿ ಕೆಲಸ, ಜೊತೆಗೆ ಹಾರುವುದೂ ಇರುತ್ತದಂತೆ. ಜಪಾನ್ ಹತ್ತಿರ ಒಂದು ಆಸ್ಪ್ರೆ ಸಮುದ್ರಕ್ಕೆ ಬಿದ್ದ ವಿಡಿಯೋ ಯಾರೋ ವಾಟ್ಸಾಪ್‌ನಲ್ಲಿ ಕಳಿಸಿದ್ದಾರೆ. ಅಲ್ಲಿಂದ ತಂಗಿಗೆ ನಿದ್ದೆ ಇಲ್ಲ. ರಾತ್ರಿ ಒಂಬತ್ತಕ್ಕೆ ಸರಿಯಾಗಿ ಫೋನ್ ಮಾಡುತ್ತಾಳೆ. "ಅಣ್ಣಾ, ನೀನು ಮಿಲಿಟರಿಯವನು, ಹೇಳು. ಅದು ಬೀಳೋ ವಿಮಾನವಂತೆ, ನಿಜವಾ?"

ನಾನು ಏನು ಹೇಳಲಿ? ಇಂಜಿನ್ ನಿಂತರೂ ಹೆಲಿಕಾಪ್ಟರ್ ಇಳಿಯುತ್ತದೆ ಅಂತ ನಮ್ಮ ಪೈಲಟ್ ಸಾಹೇಬರು ಹೇಳುತ್ತಿದ್ದರು. ಇದೂ ಹಾಗೇನಾ? ಸಮಾಧಾನದ ಮಾತು ಬೇಡ. ಇದ್ದದ್ದು ಇದ್ದ ಹಾಗೆ ಹೇಳಿ.

ಹಳೇ ಇಂಜಿನ್ ಫಿಟ್ಟರ್, ಹಾಸನ:

ಸುಬೇದಾರ್ ಸಾಬ್, ನಮಸ್ಕಾರ. ಏರ್‌ಫೋರ್ಸ್‌ನಲ್ಲಿ 20 ವರ್ಷ ಎಂಐ-8, ಎಂಐ-17 ಹೆಲಿಕಾಪ್ಟರ್‌ಗಳ ಕೆಳಗೆ ಎಣ್ಣೆ ಮೈಗೆ ಹಚ್ಚಿಕೊಂಡವನು ನಾನು. ಆಸ್ಪ್ರೆಯನ್ನು ಕೈಯಿಂದ ಮುಟ್ಟಿಲ್ಲ. ಆದರೆ ಗೇರ್‌ಬಾಕ್ಸ್ ಯಾವ ದೇಶದ್ದಾದರೂ ಗೇರ್‌ಬಾಕ್ಸೇ.

ಮೊದಲು ನಿಮ್ಮ ಇಂಜಿನ್ ಪ್ರಶ್ನೆ. ಆಸ್ಪ್ರೆಗೆ ರೆಕ್ಕೆಯ ಎರಡು ತುದಿಯಲ್ಲಿ ಎರಡು ಇಂಜಿನ್. ಏಳುವಾಗ ಇಂಜಿನ್ ಸಮೇತ ಫ್ಯಾನ್ ಮೇಲಕ್ಕೆ ಮುಖ ಮಾಡಿರುತ್ತದೆ, ಆಮೇಲೆ ಮುಂದಕ್ಕೆ ಬಾಗಿ ವಿಮಾನದ ಹಾಗೆ ಓಡುತ್ತದೆ. ರೆಕ್ಕೆಯ ಒಳಗೆ ಈ ತುದಿಯಿಂದ ಆ ತುದಿಗೆ ಒಂದು ಶಾಫ್ಟ್ ಹೋಗಿದೆ. ಒಂದು ಇಂಜಿನ್ ಕೈಕೊಟ್ಟರೆ ಇನ್ನೊಂದು ಎರಡೂ ಫ್ಯಾನ್ ತಿರುಗಿಸುತ್ತದೆ. ಹಾಗಾಗಿ ಒಂದು ಇಂಜಿನ್ ಹೋದ ಕೂಡಲೇ ಬೀಳುವ ಮಾತಿಲ್ಲ. ಎರಡೂ ಹೋದರೆ ಏನು ಅನ್ನುವುದನ್ನು ಪೈಲಟ್ ಯಾರಾದರೂ ಬಂದು ಹೇಳಲಿ.

ನನಗೆ ಹೇಳಲಿಕ್ಕಿರುವುದು ಬೇರೆ. ಇಂಜಿನ್ ಹೋದರೆ ದಾರಿ ಉಂಟು, ಗೇರ್‌ಬಾಕ್ಸ್ ಹೋದರೆ ಇಲ್ಲ. ಇದು ಆಸ್ಪ್ರೆಗೆ ಮಾತ್ರ ಅಲ್ಲ, ನಿಮ್ಮನ್ನು ಹೊತ್ತು ತಂದ ಚೀತಾಗೂ ಅಷ್ಟೇ.

ಗೇರ್‌ಬಾಕ್ಸ್ ಸಾಯುವ ಮೊದಲು ಸಾಮಾನ್ಯವಾಗಿ ಒಂದು ಚೀಟಿ ಕಳಿಸುತ್ತದೆ. ಆ ಚೀಟಿ ಬರುವುದು ಎಣ್ಣೆಯಲ್ಲಿ. ಎಣ್ಣೆ ಹರಿಯುವ ಜಾಗದಲ್ಲಿ ಹೆಬ್ಬೆರಳು ಗಾತ್ರದ ಒಂದು ಮ್ಯಾಗ್ನೆಟ್ ಪ್ಲಗ್ ಕೂರಿಸಿರುತ್ತಾರೆ. ಒಳಗೆ ಹಲ್ಲು ಸವೆದು ಕಬ್ಬಿಣದ ಪುಡಿ ಬಂದರೆ ಅದಕ್ಕೆ ಅಂಟಿಕೊಳ್ಳುತ್ತದೆ. ಜಾಸ್ತಿ ಅಂಟಿದರೆ ಮುಂದೆ ಕಾಕ್‌ಪಿಟ್‌ನಲ್ಲಿ ದೀಪ. ಲಾಕಿಂಗ್ ವೈರ್ ಕತ್ತರಿಸಿ ಪ್ಲಗ್ ಬಿಚ್ಚಿದರೆ ತುದಿಯಲ್ಲಿ ಬೂದುಬಣ್ಣದ ಮೆತ್ತನೆ ಬೂಸಲು ಕಾಣುತ್ತದೆ. ಅದಕ್ಕೆ ಯಾರೂ ಹೆದರುವುದಿಲ್ಲ, ಹೊಸ ಗೇರ್‌ನಲ್ಲೂ ಬರುತ್ತದೆ. ಬಿಳಿ ಬಟ್ಟೆಗೆ ಒರೆಸಿ, ಬೆರಳಲ್ಲಿ ಉಜ್ಜಿ ನೋಡುತ್ತೇವೆ. ಹಿಟ್ಟಿನ ಹಾಗಿದ್ದರೆ ಸರಿ. ಚುಚ್ಚಿದರೆ ಸರಿಯಿಲ್ಲ.

ತೊಂಬತ್ತರ ದಶಕ, ಈಶಾನ್ಯದ ಒಂದು ಬೇಸ್. ಬೆಳಗಿನ ಜಾವ ಮಳೆ ಬಿಟ್ಟಿತ್ತು. ಹಿಂದಿನ ದಿನ ಹಾರಿ ಬಂದಿದ್ದ ಎಂಐ-8ರ ಮೇನ್ ಗೇರ್‌ಬಾಕ್ಸ್ ಪ್ಲಗ್ ಬಿಚ್ಚಿದೆ. ಬೂಸಲಿನ ಮಧ್ಯೆ ಒಂದು ಚೂರು ಮಿಂಚಿತು. ಸಣ್ಣ ಮೀನಿನ ಪೊರೆಯ ಹಾಗೆ, ಒಂದು ಕಡೆ ಹೊಳಪು, ಇನ್ನೊಂದು ಕಡೆ ಮಂಕು. ಅಕ್ಕಿಕಾಳಿನ ಅರ್ಧದಷ್ಟೂ ಇರಲಿಲ್ಲ. ಹೊರಗೆ ಗಡಿ ಪೋಸ್ಟ್‌ಗಳಿಗೆ ರೇಷನ್ ಲೋಡ್ ಆಗುತ್ತಿತ್ತು. ನಾಲ್ಕು ದಿನದಿಂದ ಹವಾಮಾನ ಕೆಟ್ಟು ಯಾವ ಸಾರ್ಟಿಯೂ, ಅಂದರೆ ಹಾರಾಟವೂ, ಹೋಗಿರಲಿಲ್ಲ. ನನ್ನ ಮೇಲಿನವರು ನೋಡಿ "ಒರೆಸಿ ಹಾಕು, ಒಂದು ಸಾರ್ಟಿ ಆಗಲಿ, ಸಂಜೆ ಮತ್ತೆ ನೋಡೋಣ" ಅಂದರು. ಕೆಟ್ಟವರಲ್ಲ ಅವರು. ಮೇಲಿಂದ ಅವರಿಗೂ ಒತ್ತಡ ಇತ್ತು. ನಾನು ಚೂರನ್ನು ಸೆಲೋಟೇಪ್‌ಗೆ ಅಂಟಿಸಿ ಹೆಲಿಕಾಪ್ಟರಿನ ದಾಖಲೆ ಪುಸ್ತಕ ಫಾರ್ಮ್ 700ರಲ್ಲಿ ಸ್ನ್ಯಾಗ್, ಅಂದರೆ ದೋಷ ಇದೆ ಅಂತ ಬರೆದುಬಿಟ್ಟೆ. ಬರೆದ ಮೇಲೆ ಯಾರೂ ಹಾರಿಸುವ ಹಾಗಿಲ್ಲ. ರೇಷನ್ ಎಲ್ಲ ಇಳಿಸಿದರು. ಮೂರು ದಿನ ಮೆಸ್‌ನಲ್ಲಿ ನನ್ನ ಪಕ್ಕ ಯಾರೂ ಕೂರಲಿಲ್ಲ.

ಇದನ್ನು ಯಾಕೆ ಹೇಳಿದೆ ಅಂದರೆ, ನಿಮ್ಮ ತಂಗಿ ನೋಡಿದ ಆ ವಿಡಿಯೋ 2023ರ ನವೆಂಬರ್ 29ರದ್ದು. ಯಾಕುಶಿಮಾ ದ್ವೀಪದ ಹತ್ತಿರ, ಅಮೆರಿಕದ ಏರ್‌ಫೋರ್ಸ್‌ನ ಆಸ್ಪ್ರೆ, 8 ಜನ ಹೋದರು. ಎಡಗಡೆ ಗೇರ್‌ಬಾಕ್ಸ್‌ನಲ್ಲಿ ಒಂದು ಗೇರ್ ಬಿರುಕು ಬಿಟ್ಟು ಒಡೆದಿತ್ತು. ಅದರಲ್ಲಿ ಇನ್ನೊಂದು ವ್ಯವಸ್ಥೆ ಇದೆ. ಪ್ಲಗ್‌ಗೆ ಪುಡಿ ಅಂಟಿದರೆ ಕರೆಂಟ್ ಹಾಯಿಸಿ ಅಲ್ಲೇ ಸುಟ್ಟುಬಿಡುತ್ತದೆ. ನಾವು ಬಟ್ಟೆಯಲ್ಲಿ ಒರೆಸುತ್ತಿದ್ದದ್ದನ್ನು ಅದು ಹಾರುತ್ತಲೇ ಮಾಡುತ್ತದೆ. ಪ್ರತಿ ಸಲ ಸುಟ್ಟಾಗಲೂ ಪೈಲಟ್‌ಗೆ ಸೂಚನೆ. ಅವತ್ತು ಒಂದಾದ ಮೇಲೊಂದು ಸೂಚನೆ ಬಂದಿತ್ತು. ಗೇರ್ ಒಡೆದದ್ದು ಒಂದು ಕಾರಣ, ಬೇಗ ಇಳಿಯದೆ ಮುಂದುವರಿದದ್ದು ಇನ್ನೊಂದು ಅಂತ ತನಿಖೆಯಲ್ಲಿ ಬಂತು.

ಮೊದಮೊದಲು ಬಿದ್ದ ಆಸ್ಪ್ರೆಗಳ ಕಥೆ ಬೇರೆ. 1991ರಲ್ಲಿ ಒಂದು ಮೊದಲನೇ ಹಾರಾಟದಲ್ಲೇ ಮಗುಚಿತು. ವೈರ್ ಉಲ್ಟಾ ಕೊಟ್ಟಿದ್ದರು! ಅದರಲ್ಲಿ ಯಾರೂ ಸಾಯಲಿಲ್ಲ, ಪುಣ್ಯ. 2000ದ ಡಿಸೆಂಬರ್‌ನಲ್ಲಿ ಬಿದ್ದದ್ದರಲ್ಲಿ ವೈರಿನ ಕಟ್ಟು ಉಜ್ಜಿ ಉಜ್ಜಿ ಹೈಡ್ರಾಲಿಕ್ ಪೈಪ್ ತೂತಾಗಿತ್ತು. ಅದರ ಮೇಲೆ ಸಾಫ್ಟ್‌ವೇರ್ ತಪ್ಪು. 4 ಜನ ಹೋದರು. ಇಂಥವನ್ನು ಸರಿ ಮಾಡಬಹುದು, ಮಾಡಿದರು. ಆದರೆ ಉಕ್ಕಿನ ಒಳಗೇ ಕಣ್ಣಿಗೆ ಕಾಣದ ಕಲ್ಮಶ ಇದ್ದು ಗೇರ್ ಬಿರುಕು ಬಿಟ್ಟರೆ ಹ್ಯಾಂಗರ್‌ನಲ್ಲಿ ನಿಂತವನು ಏನು ಮಾಡುತ್ತಾನೆ? ಅವನ ಕೈಯಲ್ಲಿರುವುದು ಆ ಪ್ಲಗ್ ಒಂದೇ.

ಚೀತಾ ಪೈಲಟ್, ಮೈಸೂರು:

ಸುಬೇದಾರ್ ಸಾಬ್, ನಿಮ್ಮನ್ನು ಎತ್ತಿಕೊಂಡು ಬಂದವನು ನಾನೇ ಇರಬಹುದು. ಫ್ಯಾನ್ ಯಾಕೆ ನಿಲ್ಲಿಸಲಿಲ್ಲ ಗೊತ್ತಲ್ವಾ? ಅಷ್ಟು ಎತ್ತರದಲ್ಲಿ, ಆ ಚಳಿಯಲ್ಲಿ ನಿಲ್ಲಿಸಿದರೆ ಮತ್ತೆ ಸ್ಟಾರ್ಟ್ ಆಗುತ್ತದೆ ಅನ್ನುವ ಗ್ಯಾರಂಟಿ ಇಲ್ಲ.

ಇಂಜಿನ್ ನಿಂತರೆ ಏನು ಅನ್ನುವುದಕ್ಕೆ ಚೀತಾಗಿಂತ ಒಳ್ಳೆ ಉದಾಹರಣೆ ಸಿಗುವುದಿಲ್ಲ. ಅದರ ಮೂಲ ಫ್ರೆಂಚರ ಲಾಮಾ. ನಮ್ಮ ಹಿಮಾಲಯಕ್ಕೆ ಬೇಕು ಅಂತಲೇ ಅವರು ಮಾಡಿಕೊಟ್ಟದ್ದು. ಆಮೇಲೆ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಚೀತಾ ಅಂತ ತಯಾರಾಯಿತು. 1972ರ ಜೂನ್ 21ರಂದು ಝಾನ್ ಬುಲೆ ಅನ್ನುವ ಪೈಲಟ್ ಲಾಮಾವನ್ನು 12,442 ಮೀಟರ್‌ಗೆ ಏರಿಸಿ ದಾಖಲೆ ಮಾಡಿದ. ಅಲ್ಲಿ ಇಂಜಿನ್ ಆರಿಹೋಯಿತು. ಮತ್ತೆ ಹೊತ್ತಿಕೊಳ್ಳಲಿಲ್ಲ. ಅಲ್ಲಿಂದ ನೆಲದವರೆಗೆ ಇಂಜಿನ್ ಇಲ್ಲದೆ ಇಳಿದ. ನಿಮ್ಮ ಕಡೆ ಕಾಡಿನಲ್ಲಿ ರೆಕ್ಕೆ ಇರುವ ಬೀಜಗಳು ಗಿರಗಿರ ತಿರುಗುತ್ತಾ ಬೀಳುತ್ತವಲ್ಲ, ಹಾಗೆ. ಕೆಳಗಿನಿಂದ ಬರುವ ಗಾಳಿಯೇ ಫ್ಯಾನ್ ತಿರುಗಿಸುತ್ತದೆ.

ಆಸ್ಪ್ರೆ ಹೀಗೆ ಯಾಕೆ ಇಳಿಯಲಾರದು? ಚೀತಾದ ಫ್ಯಾನ್ ಅಗಲ 11 ಮೀಟರ್, ಅದು ಹೊರುವುದು ಎರಡು ಟನ್‌ಗಿಂತ ಕಡಿಮೆ. ಆಸ್ಪ್ರೆಯ ಒಂದೊಂದು ಫ್ಯಾನ್ 11.6 ಮೀಟರ್. ಹೆಚ್ಚುಕಮ್ಮಿ ಚೀತಾದಷ್ಟೇ. ಆದರೆ ನೇರ ಏಳುವಾಗ ತುಂಬಿದ ತೂಕ ಸುಮಾರು 23.8 ಟನ್, ಅಂದರೆ ಒಂದೊಂದರ ಮೇಲೆ ಹತ್ತಿರಹತ್ತಿರ 12 ಟನ್. ಬೀಜದ ರೆಕ್ಕೆಗೆ ಕಲ್ಲು ಕಟ್ಟಿದ ಹಾಗೆ. ವಿಮಾನದ ಹಾಗೆ ಓಡುವಾಗ ಎರಡೂ ಇಂಜಿನ್ ಹೋದರೆ ರೆಕ್ಕೆ ಇದೆ, ತೇಲಿಕೊಂಡು ಹೋಗಿ ಎಲ್ಲಾದರೂ ಹಾಕಬಹುದು. ನೆಲದ ಹತ್ತಿರ ನಿಂತಾಗ ಹೋದರೆ ಕಷ್ಟ.

ಇಷ್ಟು ಕೊಟ್ಟು ಪಡೆದದ್ದು ವೇಗ. ನನ್ನ ಚೀತಾ ಗಂಟೆಗೆ 190 ಕಿ.ಮೀ. ಆಸ್ಪ್ರೆ 500ರ ಹತ್ತಿರ. ಗುಂಡು ಬಿದ್ದ ಹುಡುಗನನ್ನು ಆಸ್ಪತ್ರೆಗೆ ಒಯ್ಯುವಾಗ ಆ ವ್ಯತ್ಯಾಸ ಏನು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಎರಡು ಫ್ಯಾನ್ ಅಕ್ಕಪಕ್ಕ ಇರುವುದರಲ್ಲಿ ಇನ್ನೊಂದು ತೊಂದರೆ. ಯಾವ ಹೆಲಿಕಾಪ್ಟರ್ ಆದರೂ ಮುಂದಕ್ಕೆ ಹೋಗದೆ ಜೋರಾಗಿ ಇಳಿದರೆ ತಾನೇ ಕೆಳಗೆ ತಳ್ಳಿದ ಗಾಳಿಯೊಳಗೆ ತಾನೇ ಕುಸಿಯುತ್ತದೆ. ನಮ್ಮದಾದರೆ ಒಟ್ಟಾಗಿ ಕುಸಿಯುತ್ತದೆ, ಎಚ್ಚರವಾಗಲು ಒಂದು ಕ್ಷಣ ಸಿಗುತ್ತದೆ. ಆಸ್ಪ್ರೆಯಲ್ಲಿ ಒಂದು ಫ್ಯಾನ್ ಮೊದಲು ಕುಸಿದರೆ ಆ ಕಡೆಗೆ ಮಗುಚಿಬಿಡುತ್ತದೆ. 2000ದ ಏಪ್ರಿಲ್‌ನಲ್ಲಿ ಅರಿಜೋನಾದ ಮರಾನಾದಲ್ಲಿ ಆದದ್ದು ಇದೇ. ರಾತ್ರಿ ತರಬೇತಿ, 19 ಮರೀನ್ಸ್ ಸತ್ತರು. ಆಮೇಲೆ 40 ನಾಟ್ (ಗಂಟೆಗೆ ಸುಮಾರು 74 ಕಿ.ಮೀ.) ವೇಗದ ಕೆಳಗೆ ನಿಮಿಷಕ್ಕೆ 800 ಅಡಿಗಿಂತ ಜೋರಾಗಿ ಇಳಿಯಬಾರದು ಅಂತ ಮಿತಿ ಹಾಕಿದರು.

ಈಗ ಫಿಟ್ಟರ್ ಸಾಹೇಬರಿಗೆ ಒಂದು ಮಾತು. ನೀವು ಹೇಳಿದ್ದು ಸರಿ, ಆದರೆ ಪೈಲಟ್ ಸೀಟಿನಲ್ಲಿ ಕೂತು ಒಮ್ಮೆ ನೋಡಿ. ಬೇರೊಂದು ಹೆಲಿಕಾಪ್ಟರ್ ಹಾರಿಸುವಾಗ ನನಗೆ ನೀವು ಹೇಳಿದ ಪುಡಿಯ ದೀಪ, ಚಿಪ್ ದೀಪ ಉರಿಯಿತು. ಸಿಕ್ಕ ಗದ್ದೆಯಲ್ಲಿ ಇಳಿಸಿದೆ. ಊರಿನ ಮಕ್ಕಳೆಲ್ಲ ಸುತ್ತ ನಿಂತರು. ಒಬ್ಬ ಮುದುಕ ಬಂದು ಹಾಳಾದ ಪೈರು ತೋರಿಸಿ ಬೈದ. ಮೂರು ಗಂಟೆ ಕಾದ ಮೇಲೆ ಟೆಕ್ನಿಷಿಯನ್ ಬಂದು ಪ್ಲಗ್ ಬಿಚ್ಚಿದರೆ ಬರೀ ಬೂಸಲು. ಮುಂದಿನ ತಿಂಗಳು ಮತ್ತೆ ಹಾಗೇ ಆಯಿತು. ಎರಡು ಸಲ ಸುಳ್ಳು ಹೇಳಿದ ದೀಪ ಮೂರನೇ ಸಲ ಉರಿದಾಗ ಕೈ ನಿಧಾನ ಆಗುತ್ತದೆ ಸ್ವಾಮಿ. ಯಾಕುಶಿಮಾದ ಹುಡುಗರ ಮೇಲೆ ಬೆರಳು ತೋರಿಸುವ ಮೊದಲು ನನಗೆ ಆ ಗದ್ದೆ ನೆನಪಾಗುತ್ತದೆ.

ಹಳೇ ಇಂಜಿನ್ ಫಿಟ್ಟರ್, ಹಾಸನ:

ಸರ್, ಒಪ್ಪಿದೆ. ನಾನು ಪೈಲಟ್‌ಗಳನ್ನು ಬೈದದ್ದಲ್ಲ. ಬೂಸಲನ್ನು ಸುಟ್ಟು ಹಾಕುವ ಯಂತ್ರ ಮಾಡಿದವರು ಚೂರು ಬಂದರೆ ಬೇರೆಯೇ ಸದ್ದು ಮಾಡುವ ಯಂತ್ರ ಮಾಡಬೇಕಿತ್ತು ಅಂತ ನನ್ನ ಹೊಟ್ಟೆಯುರಿ. ಬೆರಳಿಗೆ ಗೊತ್ತಾಗುವ ವ್ಯತ್ಯಾಸ ದೀಪಕ್ಕೆ ಗೊತ್ತಾಗುವುದಿಲ್ಲ.

ಹ್ಯಾಂಗರ್ ಡೆಕ್:

ಎಲ್ಲರಿಗೂ ನಮಸ್ಕಾರ. ಊರು ದಾವಣಗೆರೆ, ಈಗಿರುವುದು ವರ್ಜೀನಿಯಾದ ನಾರ್ಫೋಕ್. ಅಮೆರಿಕದ ನೇವಿಯಲ್ಲಿ 6 ವರ್ಷ ಇದ್ದೆ. ಹಡಗಿಗೆ ಸಾಮಾನು ತರುವ ನೇವಿಯ ಆಸ್ಪ್ರೆಯನ್ನು ಹತ್ತಿರದಿಂದ ನೋಡಿದ್ದೇನೆ. ನನ್ನ ಕನ್ನಡದಲ್ಲಿ ತಪ್ಪಿದ್ದರೆ ಕ್ಷಮಿಸಿ.

ಮೊದಲ ಸಲ ಅದು ಮಡಚಿಕೊಳ್ಳುವುದನ್ನು ನೋಡಿ ಬಾಯಿ ತೆರೆದು ನಿಂತಿದ್ದೆ. ಫ್ಯಾನಿನ ಬ್ಲೇಡ್‌ಗಳು ಕೊಡೆಯ ಕಡ್ಡಿಯ ಹಾಗೆ ಒಳಗೆ ಬರುತ್ತವೆ. ಆಮೇಲೆ ಇಡೀ ರೆಕ್ಕೆ ತಿರುಗಿ ಬೆನ್ನಿನ ಉದ್ದಕ್ಕೆ ಮಲಗುತ್ತದೆ. ಒಂದೂವರೆ ನಿಮಿಷದ ಕೆಲಸ. ಆಗಲೇ ಅನ್ನಿಸಿತು, ಇಷ್ಟು ಕೀಲು ಇರುವ ದೇಹಕ್ಕೆ ಮಂಡಿನೋವು ಬರದೇ ಇರುತ್ತದಾ? ಇಳಿಯುವಾಗ ಗಾಳಿ ಅಂದರೆ ಗಾಳಿ. ಕಾಲು ಕಿತ್ತುಹೋಗುತ್ತದೆ.

ಸುಬೇದಾರ್ ಅಂಕಲ್, ನಿಮ್ಮ ತಂಗಿಗೆ ಇದನ್ನೂ ಹೇಳಿ. 2022ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದಲ್ಲಿ 5 ಮರೀನ್ಸ್ ಸತ್ತದ್ದು ಕ್ಲಚ್ ಜಾರಿ ಮತ್ತೆ ರಪ್ಪನೆ ಹಿಡಿದುಕೊಂಡು. ಆ ಭಾಗವನ್ನು ಈಗ 800 ಗಂಟೆಗೆ ಬದಲಾಯಿಸುತ್ತಾರೆ. ಜಪಾನ್ ಆದ ಮೇಲೆ 2023ರ ಡಿಸೆಂಬರ್ 6ರಿಂದ 2024ರ ಮಾರ್ಚ್ 8ರವರೆಗೆ ಆಸ್ಪ್ರೆಗಳ ಹಾರಾಟ ನಿಲ್ಲಿಸಿದ್ದರು. ಮತ್ತೆ ಬಿಟ್ಟಾಗಲೂ ಇಳಿಯುವ ಜಾಗದಿಂದ 30 ನಿಮಿಷಕ್ಕಿಂತ ದೂರ ಹೋಗಬಾರದು ಅಂತ ಕಟ್ಟು ಹಾಕಿದರು. ಇನ್ನು ಅಮೆರಿಕದ ಆರ್ಮಿಯ ಬ್ಲ್ಯಾಕ್ ಹಾಕ್ ಹೆಲಿಕಾಪ್ಟರ್ ಜಾಗಕ್ಕೆ ಬರುವ, ಆಸ್ಪ್ರೆ ಜಾತಿಯದೇ ಹೊಸ ಟಿಲ್ಟ್‌ರೋಟರ್‌ನಲ್ಲಿ ಇಂಜಿನ್ ಬಾಗುವುದೇ ಇಲ್ಲ, ಫ್ಯಾನ್ ಮಾತ್ರ ಬಾಗುತ್ತದೆ. ಪಾಠ ಕಲಿತಿದ್ದಾರೆ. ಬೆಲೆ ಕೊಟ್ಟವರು ಬೇರೆಯವರು, ಅಷ್ಟೇ.

ಚೀತಾ ಪೈಲಟ್, ಮೈಸೂರು:

ಯಂತ್ರ ಒಂದನ್ನೇ ಹಿಡಿದುಕೊಂಡು ಕೂರಬೇಡಿ. 2023ರ ಆಗಸ್ಟ್‌ನಲ್ಲಿ ಆಸ್ಟ್ರೇಲಿಯಾದ ಮೆಲ್ವಿಲ್ ದ್ವೀಪದಲ್ಲಿ ಬಿದ್ದ ಆಸ್ಪ್ರೆಯ ಗೇರ್ ಚೆನ್ನಾಗಿಯೇ ಇತ್ತು. ಮುಂದೆ ಹಾರುತ್ತಿದ್ದ ಇನ್ನೊಂದು ಆಸ್ಪ್ರೆಗೆ ಡಿಕ್ಕಿ ತಪ್ಪಿಸಲು ಹೋಗಿ ಬಿತ್ತು, 23 ಜನರಲ್ಲಿ 3 ಜನ ಸತ್ತರು. 2021ರಲ್ಲಿ ಕೂನೂರಿನ ಹತ್ತಿರ ಜನರಲ್ ರಾವತ್ ಅವರಿದ್ದ ಎಂಐ-17 ಕೂಡ ಕೆಟ್ಟಿರಲಿಲ್ಲ. ಮೋಡ ಬಂತು, ಗುಡ್ಡ ಕಾಣಲಿಲ್ಲ.

ಸೋಮವಾರಪೇಟೆ ಸುಬೇದಾರ್:

ಎಲ್ಲರಿಗೂ ದೊಡ್ಡ ಸಲಾಂ. ನಿನ್ನೆ ಒಂಬತ್ತಕ್ಕೆ ತಂಗಿಯ ಫೋನ್ ಬಂತು. ಎಲ್ಲ ಓದಿ ಹೇಳಿದೆ. ಕೊನೆಗೆ "ನನಗೆ ಒಂದೂ ತಲೆಗೆ ಹೋಗಲಿಲ್ಲ, ಆ ಅಯಸ್ಕಾಂತದ್ದು ಮಾತ್ರ ಇನ್ನೊಂದು ಸಲ ಹೇಳು" ಅಂದಳು. ಹೇಳಿದೆ. ಭಾನುವಾರ ಹುಡುಗನಿಗೆ ಫೋನ್ ಮಾಡಿ ಅದನ್ನು ಸರಿಯಾಗಿ ನೋಡುತ್ತೀಯಾ ಅಂತ ಕೇಳುತ್ತಾಳಂತೆ. ಅವನ ಇಂಗ್ಲಿಷ್ ಇವಳಿಗೆ ಬರುವುದಿಲ್ಲ, ಇವಳ ಕನ್ನಡ ಅವನಿಗೆ ಅರ್ಧಂಬರ್ಧ. ಹೇಗೆ ಕೇಳುತ್ತಾಳೋ ನೋಡಬೇಕು.

ಫಿಟ್ಟರ್ ಸಾಬ್, ನಿಮ್ಮ ಎಂಐ-8 ಕಥೆ ಅರ್ಧಕ್ಕೇ ನಿಂತಿತು. ಗೇರ್‌ಬಾಕ್ಸ್ ಬಿಚ್ಚಿದಾಗ ಒಳಗೆ ಏನಿತ್ತು?

ಹಳೇ ಇಂಜಿನ್ ಫಿಟ್ಟರ್, ಹಾಸನ:

ಗೊತ್ತಿಲ್ಲ ಸಾಬ್. ಗೇರ್‌ಬಾಕ್ಸ್ ಇಳಿಸಿ ಪೆಟ್ಟಿಗೆಗೆ ಹಾಕಿ ಡಿಪೋಗೆ ಕಳಿಸಿದರು. ಬೇರೊಂದು ಬಂತು, ಕೂರಿಸಿದೆವು. ಡಿಪೋದಿಂದ ಉತ್ತರ ಬರುವ ಮೊದಲೇ ನನಗೆ ಪೋಸ್ಟಿಂಗ್ ಆಯಿತು. ಸೆಲೋಟೇಪ್‌ಗೆ ಅಂಟಿಸಿದ ಚೂರನ್ನೂ ಅವರೇ ತೆಗೆದುಕೊಂಡು ಹೋದರು.