‘ದಿ ಕೋಲ್ಡ್ ಡಿಶ್’: ನಿಧಾನ ಅದರ ದೋಷವೋ, ಬಲವೋ?

ಹಾಳೆತಿರುವಿ: ಪತ್ತೇದಾರಿ ಪ್ರಿಯರು ಕ್ರೇಗ್ ಜಾನ್ಸನ್ ಅವರ ಈ ಕಾದಂಬರಿಯನ್ನು (2004) ಓದಲೇಬೇಕು. ಅಮೆರಿಕದ ವಯೋಮಿಂಗ್ ರಾಜ್ಯದ ಕಾಲ್ಪನಿಕ ಅಬ್ಸಾರೋಕ ಕೌಂಟಿ (ನಮ್ಮ ಜಿಲ್ಲೆಯಂತೆ), ಡ್ಯುರಾಂಟ್ ಅನ್ನೋ ಸಣ್ಣ ಊರು, ಅಲ್ಲಿನ ಪೊಲೀಸ್ ಮುಖ್ಯಸ್ಥ ಶೆರಿಫ್ ವಾಲ್ಟ್ ಲಾಂಗ್‌ಮೈರ್. ಮೆಲಿಸ್ಸಾ ಲಿಟಲ್ ಬರ್ಡ್ ಎಂಬ ಮೂಲನಿವಾಸಿ ಶಾಯೆನ್ ಬುಡಕಟ್ಟಿನ ಹುಡುಗಿಯ ಮೇಲೆ ಅತ್ಯಾಚಾರ ಮಾಡಿದ ನಾಲ್ವರು ಬಿಳಿಯ ಹುಡುಗರು ಎರಡು ವರ್ಷದ ಹಿಂದೆ ಅಮಾನತು ಶಿಕ್ಷೆಯಲ್ಲೇ (ಜೈಲುವಾಸ ತಡೆಹಿಡಿದದ್ದು) ಪಾರಾಗಿದ್ದಾರೆ. ಈಗ ಅವರಲ್ಲೊಬ್ಬ ಗುಂಡೇಟಿಗೆ ಸತ್ತಿದ್ದಾನೆ. ಉಳಿದ ಮೂವರ ಪ್ರಾಣ ಕಾಯೋದು ವಾಲ್ಟ್‌ನ ಕೆಲಸ. ಕಾಯಲು ಮನಸ್ಸೇ ಬಾರದವರನ್ನು ಕಾಯಬೇಕಾದ ಈ ಇಕ್ಕಟ್ಟೇ ಕಥೆಯ ಜೀವ.

ಸುಳಿವುಗಾರ: ಇಕ್ಕಟ್ಟು ಒಪ್ಪಿದೆ, ವೇಗ ಒಪ್ಪಲ್ಲ. ಹೆಣ ಬಿದ್ದಿದೆ ಅಂತ ಬಾಬ್ ಬಾರ್ನ್ಸ್ ಫೋನ್ ಮಾಡಿದ್ದಾನೆ, ವಾಲ್ಟ್ ಆಫೀಸಿನ ರೂಬಿ ಬಂದು ಹೇಳ್ತಾಳೆ. ವಾಲ್ಟ್ ಕಿಟಕಿಯಾಚೆ ಹೆಬ್ಬಾತುಗಳನ್ನು ನೋಡ್ತಾ ಕೂತಿದ್ದಾನೆ, ಸತ್ತಿರೋದು ಕುರಿ ಇರಬೇಕು ಅಂತ ನಂಬ್ತಾನೆ. ಆಮೇಲೂ ರೆಡ್ ಪೋನಿ ಬಾರ್‌ನಲ್ಲಿ ಗೆಳೆಯ ಹೆನ್ರಿ ಸ್ಟ್ಯಾಂಡಿಂಗ್ ಬೇರ್ ಜೊತೆ ಮಾತು, ಮಾತು. ಓದುಗನೂ ಲೆಕ್ಕ ಹಾಕಿ ಕೊಲೆಗಾರರನ್ನು ಹಿಡಿಯುವಂತಿರಬೇಕು; ಇಲ್ಲಿ ಸುಳಿವುಗಳೆಲ್ಲ ಹರಟೆಯೊಳಗೆ ಹೂತುಹೋಗಿವೆ.

ಕೋವಿಕಣ್ಣು: ಸುಳಿವು ಬೇಕಿದ್ದರೆ ಬಂದೂಕು ನೋಡಿ. ತನಿಖೆ ಸುತ್ತೋದು ಶಾರ್ಪ್ಸ್ .45-70 ರೈಫಲ್ ಸುತ್ತ. 45 ಅಂದರೆ ಇಂಚಿನ ನೂರರಲ್ಲಿ 45 ಪಾಲಿನ ಗುಂಡು, 70 ಅಂದರೆ 70 ಗ್ರೇನ್ ಕಪ್ಪು ಮದ್ದು, ಸುಮಾರು ನಾಲ್ಕೂವರೆ ಗ್ರಾಂ. ಹಳೆಯ ಸೈನಿಕ ತೋಟಾದಲ್ಲಿ ಗುಂಡಿನ ತೂಕ 405 ಗ್ರೇನ್, 26 ಗ್ರಾಂ. ಭಾರ ಜಾಸ್ತಿ, ವೇಗ ಕಡಿಮೆ. 100 ಗಜಕ್ಕೆ ಗುರಿ ಕೂಡಿಸಿ 500 ಗಜಕ್ಕೆ ಹಾಗೇ ಹೊಡೆದರೆ ಗುಂಡು ಇಪ್ಪತ್ತಡಿಗೂ ಹೆಚ್ಚು ಕೆಳಗೆ ಬೀಳುತ್ತೆ. ದೂರವನ್ನು 20 ಗಜ ತಪ್ಪಾಗಿ ಅಂದಾಜಿಸಿದರೂ ಮುಗೀತು, ಹಿಂಗಣ್ಣಿನ (ಗುರಿ ಹಿಡಿಯುವ ಹಿಂದಿನ ಪಟ್ಟಿಯ) ಎತ್ತರ ತಪ್ಪುತ್ತೆ. ಒಂದೂವರೆ ಸೆಕೆಂಡು ಗಾಳಿಯಲ್ಲಿರುವ ಗುಂಡನ್ನು ಅಡ್ಡಗಾಳಿ ಬೇರೆ ತಳ್ಳುತ್ತೆ. ಮೇಲಾಗಿ ಒಂದು ಸಲಕ್ಕೆ ಒಂದೇ ತೋಟಾ: ಸನ್ನೆ (ಲಿವರ್) ಕೆಳಗೆ ಎಳೆದು, ಖಾಲಿ ತೋಟಾ ತೆಗೆದು, ಹೊಸದು ತುಂಬಬೇಕು. ಇಷ್ಟೆಲ್ಲ ಕೈವಶವಿರೋರು ಒಂದು ಕೌಂಟಿಯಲ್ಲಿ ಎಷ್ಟು ಜನ? ಬಂದೂಕೇ ಶಂಕಿತರ ಪಟ್ಟಿಯನ್ನು ಸಣ್ಣದು ಮಾಡುತ್ತೆ.

ಸುಳಿವುಗಾರ: ಹಾಗಿದ್ದರೆ ಗುಂಡನ್ನು ಲ್ಯಾಬಿಗೆ ಕಳಿಸಿ ಬಂದೂಕಿಗೆ ತಾಳೆ ಹಾಕಿದರಾಯ್ತಲ್ಲ?

ಕೋವಿಕಣ್ಣು: ತಾಮ್ರದ ಹೊದಿಕೆಯಿದ್ದರೆ ಸುಲಭ. ಕಪ್ಪು ಮದ್ದಿನವರು ಸೀಸಕ್ಕೆ ಸ್ವಲ್ಪ ತವರ ಬೆರೆಸಿ, 20ಕ್ಕೆ 1 ಅಥವಾ 30ಕ್ಕೆ 1ರಂತೆ, ತಾವೇ ಗುಂಡು ಎರೆಯುತ್ತಾರೆ. ಮೆತ್ತಗಿನ ಸೀಸ ಮೂಳೆಗೆ ಬಡಿದರೆ ಚಪ್ಪಟೆ, ನಳಿಕೆಯ ಗೀರುಗಳು ಅಳಿಸಿಹೋಗಬಹುದು.

ಕಾನೂನುಕಟ್ಟೆ: ನಿಧಾನಕ್ಕೆ ಇನ್ನೊಂದು ಕಾರಣವಿದೆ, ಶೆರಿಫ್ ಹುದ್ದೆಯೇ. ನಮ್ಮ ಜಿಲ್ಲಾ ಎಸ್‌ಪಿಯನ್ನು ಸರ್ಕಾರ ನೇಮಿಸುತ್ತೆ, ವರ್ಗ ಮಾಡುತ್ತೆ. ವಯೋಮಿಂಗ್‌ನಲ್ಲಿ ಶೆರಿಫನನ್ನು ಕೌಂಟಿಯ ಜನ ನಾಲ್ಕು ವರ್ಷಕ್ಕೊಮ್ಮೆ ಆರಿಸುತ್ತಾರೆ. ಪ್ರಶ್ನೆ ಕೇಳಬೇಕಾದವರು ತನಗೆ ಮತ ಹಾಕಿದವರೇ. ಬಾರ್‌ನಲ್ಲಿ ಕೂತು ಮಾತಾಡಿಸೋದು ಅಲ್ಲಿ ವಿಚಾರಣೆಯೇ. ಜಾಗವೂ ಎಷ್ಟು ದೊಡ್ಡದು ನೋಡಿ: ಆ ರಾಜ್ಯ ಕರ್ನಾಟಕಕ್ಕಿಂತ ವಿಸ್ತಾರ, 2020ರ ಜನಗಣತಿಯಲ್ಲಿ ಜನಸಂಖ್ಯೆ ಆರು ಲಕ್ಷವೂ ಇಲ್ಲ.

ಹಾಳೆತಿರುವಿ: ಬುಡಕಟ್ಟಿನ ಕೋರ್ಟೇ ಯಾಕೆ ಆ ಹುಡುಗರನ್ನು ವಿಚಾರಿಸಲಿಲ್ಲ ಅಂತ ಓದಿದ ಹಲವರು ಕೇಳ್ತಾರೆ. ಅದನ್ನೂ ಸ್ವಲ್ಪ ಬಿಡಿಸಿ ಹೇಳಿ ಸರ್.

ಕಾನೂನುಕಟ್ಟೆ: 1978ರ ಆಲಿಫಂಟ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಮೂಲನಿವಾಸಿಗಳಲ್ಲದವರ ಮೇಲೆ ಬುಡಕಟ್ಟು ಕೋರ್ಟುಗಳು ಕ್ರಿಮಿನಲ್ ಮೊಕದ್ದಮೆ ನಡೆಸುವಂತಿಲ್ಲ ಅಂದಿತು. 2013ರಲ್ಲಿ ಕೌಟುಂಬಿಕ ಹಿಂಸೆಗೆ ಸಂಬಂಧಿಸಿ ಒಂದಿಷ್ಟು ಅಧಿಕಾರ ವಾಪಸ್ ಬಂತು, ಅದು ಈ ಪುಸ್ತಕ ಬಂದ ಮೇಲಿನ ಮಾತು. ಮೆಲಿಸ್ಸಾಳ ಜನಕ್ಕೆ ಬಿಳಿಯರ ಕೋರ್ಟೇ ಗತಿ, ಅದು ಕೈಬಿಟ್ಟಿತು. ಕೊಲೆಯಾದ ಕೂಡಲೇ ಊರಿನ ಕಣ್ಣು ಅವರ ಮೇಲೇ ಬೀಳೋದು ಎಂಥ ಅನ್ಯಾಯ ಅನ್ನೋದು ಇದು ಗೊತ್ತಿದ್ದರೆ ಇನ್ನೂ ಚುರುಕಾಗಿ ತಟ್ಟುತ್ತೆ.

ಸುಳಿವುಗಾರ: ಇದು ಗಟ್ಟಿ ಮಾತು, ಒಪ್ಪಿದೆ. ಆದರೂ ಬಿಗ್‌ಹಾರ್ನ್ ಬೆಟ್ಟದ ಹಿಮಬಿರುಗಾಳಿಯಲ್ಲಿ ವಾಲ್ಟ್‌ಗೆ ಹಳೇ ಶಾಯೆನ್‌ರು ಕಾಣಿಸಿಕೊಳ್ಳೋದು ಪತ್ತೇದಾರಿಗೆ ಹೊಂದಲ್ಲ.

ಹಾಳೆತಿರುವಿ: ಆ ಭಾಗ ತೆಗೆದರೂ ಕೊಲೆಗಾರರು ಯಾರೆಂಬ ಲೆಕ್ಕ ಬದಲಾಗಲ್ಲ. ಚಳಿಯಲ್ಲಿ ಮೈ ಸೋತವನ ಭ್ರಮೆ ಅಂತಲೂ ಓದಬಹುದು. ನನ್ನ ಮಟ್ಟಿಗೆ ಪುಸ್ತಕದ ಅತ್ಯುತ್ತಮ ಪುಟಗಳು ಅವೇ.

ಹೊಸಓದು: ‘ಲಾಂಗ್‌ಮೈರ್’ ಸೀರಿಯಲ್ ನೋಡಿದವರಿಗೆ ಇದರಲ್ಲಿ ಹೊಸದೇನಾದರೂ ಇದೆಯಾ?

ಹಾಳೆತಿರುವಿ: ಬೇಕಾದಷ್ಟು. ಸೀರಿಯಲ್‌ನಲ್ಲಿ ವಾಲ್ಟ್‌ನ ಹೆಂಡತಿಯ ಕೊಲೆಯಾಗಿರುತ್ತೆ, ಪುಸ್ತಕದಲ್ಲಿ ಆಕೆ ಕ್ಯಾನ್ಸರ್‌ನಿಂದ ತೀರಿಕೊಂಡವಳು. ಸೀರಿಯಲ್‌ನ ಡೆಪ್ಯುಟಿ ಬ್ರ್ಯಾಂಚ್ ಕಾನಲಿ ಪುಸ್ತಕದಲ್ಲಿ ಇಲ್ಲವೇ ಇಲ್ಲ. ಸರಣಿಯನ್ನು ಇಲ್ಲಿಂದಲೇ ಶುರುಮಾಡಿ. ಮೂರನೆಯದು ಫಿಲಡೆಲ್ಫಿಯಾಗೆ ಹೋಗುತ್ತೆ, ಡ್ಯುರಾಂಟ್ ಪರಿಚಯವಿಲ್ಲದೆ ಅದು ಸಪ್ಪೆ. ಕೇಳುವ ರೂಢಿಯಿದ್ದರೆ ಜಾರ್ಜ್ ಗೈಡಾಲ್ ಓದಿರುವ ಆಡಿಯೋ ತಗೊಳ್ಳಿ, ಸುಳಿವುಗಾರರು ದೂರಿದ ಆ ಬಾರ್ ಮಾತುಗಳು ಅವರ ದನಿಯಲ್ಲಿ ಒಂದೂ ಹೆಚ್ಚೆನಿಸಲ್ಲ.