ಚಳಿ ಕಾಯಿಸಲು ಹಿತ್ತಲಲ್ಲಿ ಬೆಂಕಿ: ಯಾವ ಕಟ್ಟಿಗೆ ಹಾಕಬಹುದು?

ಪುಣೆ, ಬಾವಧನ್‌ನಿಂದ ಪ್ರಶ್ನೆ:
ಡಿಸೆಂಬರ್ ಕೊನೆಗೆ ನೆಂಟರು ಬರುತ್ತಾರೆ, ಜೊತೆಗೆ ಚಿಕ್ಕ ಮಕ್ಕಳು. ಹಿತ್ತಲಲ್ಲಿ ಒಂದು ಸಂಜೆ ಬೆಂಕಿ ಹಾಕುವ ಯೋಚನೆ. ಮನೆ ದುರಸ್ತಿಯಲ್ಲಿ ಉಳಿದ ಹಳೇ ಬಾಗಿಲು, ಪ್ಲೈವುಡ್ ತುಂಡು, ಸರಕು ಇಡುವ ಎರಡು ಮರದ ಪ್ಯಾಲೆಟ್, ಬೇಲಿಯಿಂದ ಕಡಿದ ಕಣಗಿಲೆ ಟೊಂಗೆ ಇವೆ. ಯಾವುದನ್ನು ಉರಿಸಬಹುದು?

ಚಿಂಚವಡದಿಂದ:
ಬಾಗಿಲು, ಪ್ಲೈವುಡ್ ಎರಡೂ ಬೇಡ. ಹಳೇ ಬಣ್ಣದಲ್ಲಿ ಸೀಸ ಇರಬಹುದು. ಪ್ಲೈ ಅಂಟು ಸುಟ್ಟರೆ ಫಾರ್ಮಾಲ್ಡಿಹೈಡ್ ಎಂಬ ವಿಷಾನಿಲ ಬರುತ್ತದೆ. ಪ್ಯಾಲೆಟ್ ಮೇಲೆ ಗೋಧಿ ತೆನೆಯ ಮುದ್ರೆ ಹುಡುಕಿ. ಪಕ್ಕದಲ್ಲಿ ‘ಎಚ್‌ಟಿ’ ಇದ್ದರೆ ಬರೀ ಶಾಖದಿಂದ ಸಂಸ್ಕರಿಸಿದ್ದು. ಎಣ್ಣೆ ಕಲೆ, ಬಣ್ಣ ಇಲ್ಲದಿದ್ದರೆ ಉರಿಸಬಹುದು. ‘ಎಂಬಿ’ ಎಂದರೆ ಮೀಥೈಲ್ ಬ್ರೋಮೈಡ್ ಎಂಬ ಕೀಟ ಕೊಲ್ಲುವ ವಿಷಾನಿಲದ ಹೊಗೆ ಕೊಟ್ಟದ್ದು, ಮುಟ್ಟಬೇಡಿ. ಮುದ್ರೆಯೇ ಇಲ್ಲದ್ದನ್ನೂ ಬಿಟ್ಟುಬಿಡಿ. ಗೆದ್ದಲು ಹತ್ತದಂತೆ ಔಷಧಿ ಹೊಡೆದ ಹಸಿರು ಛಾಯೆಯ ಮರ ಇನ್ನೂ ಅಪಾಯ: ಅದರಲ್ಲಿ ಆರ್ಸೆನಿಕ್ ಇದ್ದರೆ ಹೊಗೆಗೂ ಬರುತ್ತದೆ, ಬೂದಿಯಲ್ಲೂ ಉಳಿಯುತ್ತದೆ.

ಹಡಪ್ಸರ್‌ನಿಂದ:
ಕಣಗಿಲಿ ಟೊಂಗಿ ಒಣಗಿದ್ರೂ ಹಾಕಬ್ಯಾಡ್ರಿ. ಒಣಗಿದ್ರ ವಿಷ ಹೋಗೂದಿಲ್ಲ, ಹೊಗಿನೂ ಕೆಟ್ಟದ್ದು. ಅದರ ಕಡ್ಡಿಗೆ ಏನರೆ ಚುಚ್ಚಿ ಸುಟ್ಟು ಹುಡುಗರಿಗೆ ಕೊಡೂದಂತೂ ಬ್ಯಾಡೇ ಬ್ಯಾಡ. ವಖಾರಿಗೆ ಹೋಗಿ ಒಣ ಜಾಲಿ ಇಲ್ಲಾ ಹುಣಸಿ ಕಟ್ಟಿಗಿ ತರ್ರಿ. ಮುಂಗೈ ದಪ್ಪಂದು 10–12 ಕೆಜಿ ಇದ್ರ ಎರಡು ತಾಸು ಸಾಕು. ಎರಡು ತುಂಡು ಬಡದು ನೋಡ್ರಿ: ಟಣ್ ಅಂದ್ರ ಒಣಗೇತಿ, ಧಪ್ ಅಂದ್ರ ಹಸಿ. ತುದ್ಯಾಗ ಬಿರುಕು ಬಿಟ್ಟಿರಬೇಕು. ಹಸಿ ಕಟ್ಟಿಗಿ ಉರಿಯೂದಕ್ಕಿಂತ ಹೊಗಿಯೂದೇ ಹೆಚ್ಚು.

ಗೋವಾ, ಮಾಪ್ಸಾದಿಂದ:
ಒಣಗಿದ ತೆಂಗಿನ ಕರಟ, ಸಿಪ್ಪೆ ಚೆನ್ನಾಗಿ ಉರಿಯುತ್ತವೆ. ಗೋಡಂಬಿ ಸಿಪ್ಪೆ ಮಾತ್ರ ಬೇಡ. ಅದರ ಎಣ್ಣೆಯ ಹೊಗೆ ಕಣ್ಣು, ಚರ್ಮ ಉರಿಸುತ್ತದೆ. ಸಮುದ್ರ ದಂಡೆಯಲ್ಲಿ ಸಿಗುವ ಕಟ್ಟಿಗೆಯೂ ಬೇಡ, ಉಪ್ಪು ಹೀರಿರುವುದರಿಂದ ಸುಟ್ಟಾಗ ವಿಷಕಾರಿ ಕ್ಲೋರಿನ್ ಸಂಯುಕ್ತಗಳು ಹುಟ್ಟುತ್ತವೆ. ಬಿದಿರು ಹಾಕುವುದಾದರೆ ಸೀಳಿ ಹಾಕಿ. ಗಿಣ್ಣಿನ ನಡುವಿನ ಗಾಳಿ ಬಿಸಿಯಾಗಿ ಸಿಡಿಯುತ್ತದೆ, ಕೆಂಡ ಹಾರುತ್ತದೆ.

ಠಾಣೆಯಿಂದ:
ಹೊತ್ತಿಸಲು ಪೆಟ್ರೋಲ್ ಖಂಡಿತ ಬೇಡ. ಅದರ ಆವಿ ನೆಲಮಟ್ಟದಲ್ಲಿ ಹರಡಿ ಭಗ್ಗೆಂದು ಹೊತ್ತಿಕೊಳ್ಳುತ್ತದೆ. ಎರಡು ಕರ್ಪೂರ, ಒಂದು ಹಿಡಿ ತೆಂಗಿನ ನಾರು, ಬೆರಳು ದಪ್ಪದ ಪುಳ್ಳೆ ಸಾಕು. ಟೆರೇಸ್ ಅಥವಾ ಟೈಲ್ಸ್ ಮೇಲೆ ಬೇಡ, ಮಣ್ಣಿನ ಮೇಲೆ ಹಾಕಿ. ಗೋಡೆಯಿಂದ 3 ಮೀಟರ್ ದೂರವಿರಲಿ, ಮೇಲೆ ಟೊಂಗೆ ಇರಬಾರದು. ಸುತ್ತ ಇಡಲು ಹೊಳೆಯ ಕಲ್ಲು ತರಬೇಡಿ, ಒಳಗಿನ ನೀರು ಆವಿಯಾಗಿ ಕಲ್ಲು ಒಡೆಯುತ್ತದೆ.

ಹಾಲಿನ ಪ್ಯಾಕೆಟ್, ಥರ್ಮಾಕೋಲ್ ಯಾರೋ ಒಬ್ಬರು ಎಸೆದೇ ಎಸೆಯುತ್ತಾರೆ, ಮೊದಲೇ ಹೇಳಿಡಿ. ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ ದಂಡವೆಂದು ಹಸಿರು ನ್ಯಾಯಮಂಡಳಿ 2016ರಲ್ಲೇ ಆದೇಶಿಸಿದೆ. ಚಳಿಗಾಲದ ರಾತ್ರಿ ಹೊಗೆ ಮೇಲೇರದೆ ನೆಲದ ಹತ್ತಿರವೇ ನಿಲ್ಲುತ್ತದೆ. ಪಕ್ಕದ ಮನೆಯಲ್ಲಿ ದಮ್ಮು ಇರುವವರಿದ್ದಾರೆಯೇ ಎಂದು ಕೇಳಿಕೊಳ್ಳಿ. ಎರಡು ಬಕೆಟ್ ನೀರು ಕೈಗೆಟುಕುವಂತಿರಲಿ. ಆರಿಸುವಾಗ ನೀರು ಹೊಯ್ದು, ಕೋಲಿನಿಂದ ಕಲಕಿ, ಮತ್ತೆ ಹೊಯ್ಯಿರಿ. ಮುಂಗೈ ಹಿಂಬದಿಯನ್ನು ಹತ್ತಿರ ಹಿಡಿದಾಗ ಬಿಸಿ ತಾಗದಷ್ಟು ಆರುವ ತನಕ ಮಕ್ಕಳನ್ನು ಆ ಕಡೆ ಬಿಡಬೇಡಿ.